‘ಯಾವ ಹೌಸ್ ಸಿಕ್ತು?’ ಎಂದು ಕೇಳುವವರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಕನ್ನಡ ಕೂಟಗಳ ಎಲ್ಲ ಅಪ್ಪ ಅಮ್ಮಂದಿರಿಗೆ, ಮಕ್ಕಳ ಬಾಯಲ್ಲಿ ಆಂಟಿ ಅಂಕಲ್ ಆಗಿರುವ ನಮ್ಮೆಲ್ಲರಿಗೆ,

ನಮಸ್ಕಾರ.

ಹೋದ ವರ್ಷ ಗಣೇಶನ ಹಬ್ಬದ ಊಟದ ಸಾಲಿನಲ್ಲಿ ನಿಂತಿದ್ದೆ. ಹೈಸ್ಕೂಲಿನ ಊಟದ ಹಾಲನ್ನು ಬಾಡಿಗೆಗೆ ಹಿಡಿದಿದ್ದೆವು. ಕೈಯಲ್ಲಿ ಪೇಪರ್ ತಟ್ಟೆ, ತಟ್ಟೆಯಲ್ಲಿ ಬಿಸಿಬೇಳೆಬಾತ್, ಪಕ್ಕದಲ್ಲಿ ಮಗಳು. ಅವಳು ಕಾಲೇಜಿಗೆ ಸೇರಿ ಒಂದು ತಿಂಗಳಾಗಿತ್ತು. ಹಬ್ಬಕ್ಕೆಂದು ಮನೆಗೆ ಬಂದಿದ್ದಳು. ನನ್ನ ಹಿಂದೆ ನಿಂತಿದ್ದ ಗೆಳತಿಯೊಬ್ಬರು ಪ್ರೀತಿಯಿಂದಲೇ ಕೇಳಿದರು, ‘ರಶ್ ಮಾಡಿದ್ಳಂತಲ್ಲ, ಯಾವ ಹೌಸ್ ಸಿಕ್ತು?’

‘ಇನ್ನೂ ಗೊತ್ತಾಗಿಲ್ಲ ಕಣ್ರೀ’ ಅಂದೆ.

ಗೊತ್ತಾಗಿ ಆಗಲೇ ಮೂರು ವಾರವಾಗಿತ್ತು. ಕಾಲೇಜು ಹುಡುಗಿಯರ ಸಂಘಗಳು ಹೊಸಬರನ್ನು ಆರಿಸುವ ಆ ರಶ್‌ನಲ್ಲಿ ಅವಳಿಗೆ ಯಾವ ಹೌಸೂ, ಅಂದರೆ ಯಾವ ಸಂಘವೂ, ಸಿಕ್ಕಿರಲಿಲ್ಲ. ಮಗಳು ನನ್ನ ಮುಖ ನೋಡಿದಳು. ಏನೂ ಹೇಳಲಿಲ್ಲ. ತಟ್ಟೆಯಲ್ಲಿದ್ದ ಹಪ್ಪಳವನ್ನು ಚೂರು ಚೂರು ಮಾಡುತ್ತಾ ನಿಂತಳು. ತಿನ್ನಲಿಲ್ಲ, ಬರೀ ಮುರಿದಳು. ಕಾರಿನಲ್ಲಿ ಬರುವಾಗ ಕೇಳಿದಳು, ‘ಅಮ್ಮಾ, ನನ್ನಿಂದ ನಿನಗೆ ಅವಮಾನ ಆಯ್ತಾ?’

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಒಂದು ವರ್ಷ ಕಳೆಯಿತು. ಈ ವರ್ಷ ನಮ್ಮ ಕೂಟದಿಂದ ಕಾಲೇಜಿಗೆ ಹೊರಟಿರುವ ಹುಡುಗಿಯರಲ್ಲಿ ಮೂವರು ರಶ್‌ಗೆ ಹೆಸರು ಕೊಟ್ಟಿದ್ದಾರೆ ಎಂದು ಕೇಳಿದೆ. ಆಗಸ್ಟ್‌ಗೆ ಇನ್ನು ಕೆಲವೇ ವಾರ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಊರಿನಲ್ಲಿ ಕೂತು ಇದನ್ನು ಓದುವ ಅಜ್ಜ ಅಜ್ಜಿಯರಿಗೆ ಮೊದಲು ಎರಡು ಮಾತು. ಇಲ್ಲಿನ ಕಾಲೇಜುಗಳಲ್ಲಿ ಹುಡುಗರ ಸಂಘಕ್ಕೆ ಫ್ರಟರ್ನಿಟಿ ಎನ್ನುತ್ತಾರೆ, ಹುಡುಗಿಯರದಕ್ಕೆ ಸೊರೊರಿಟಿ. ಆಲ್ಫಾ, ಬೀಟಾ, ಗಾಮಾ ಅಂತ ಎರಡು ಮೂರು ಗ್ರೀಕ್ ಅಕ್ಷರ ಸೇರಿಸಿ ಹೆಸರಿಡುವುದರಿಂದ ಒಟ್ಟಿಗೆ ಗ್ರೀಕ್ ಲೈಫ್ ಎಂದು ಕರೆಯುವುದು ರೂಢಿ. ಎಷ್ಟೋ ಸಂಘಗಳಿಗೆ ಕ್ಯಾಂಪಸ್ ಪಕ್ಕದಲ್ಲೇ ದೊಡ್ಡ ಬಂಗಲೆ ಇರುತ್ತದೆ. ದಕ್ಷಿಣದ ರಾಜ್ಯಗಳಲ್ಲಂತೂ ಮುಂದೆ ಬಿಳಿ ಕಂಬಗಳು, ಅರಮನೆ ಥರ. ಅಲ್ಲೇ ಊಟ, ಅಲ್ಲೇ ವಾಸ, ಅಲ್ಲೇ ಗೆಳೆತನ. ಒಮ್ಮೆ ಸೇರಿದರೆ ಜೀವನಪೂರ್ತಿ ಸದಸ್ಯರು. ಆದರೆ ನಮ್ಮ ಹಾಸ್ಟೆಲುಗಳ ಹಾಗೆ ಅಂಕ ನೋಡಿ, ಮನೆಯ ಕಷ್ಟ ನೋಡಿ ಕೊಡುವ ಸೀಟಲ್ಲ ಇದು. ಒಳಗಿರುವ ಮಕ್ಕಳು ಹೊರಗಿನ ಮಕ್ಕಳನ್ನು ನೋಡುತ್ತಾರೆ, ಮಾತಾಡಿಸುತ್ತಾರೆ, ರಾತ್ರಿ ಕೂತು ಆರಿಸುತ್ತಾರೆ. ಆ ಆರಿಸುವ ಕೆಲಸಕ್ಕೆ ರಶ್ ಎಂದು ಹೆಸರು.

ನನ್ನ ಮಗಳು ಸೇರಿದ್ದು ದಕ್ಷಿಣದ ಒಂದು ದೊಡ್ಡ ಸರ್ಕಾರಿ ಯೂನಿವರ್ಸಿಟಿ. ಅಲ್ಲಿ ಕ್ಲಾಸು ಶುರುವಾಗುವ ಮೊದಲೇ ರಶ್. ಅವಳಿಗಿಂತ ನನಗೇ ಉತ್ಸಾಹ ಜಾಸ್ತಿ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. 2021ರ ಆಗಸ್ಟ್‌ನಲ್ಲಿ ಅಲಬಾಮಾ ಯೂನಿವರ್ಸಿಟಿಯ ಹುಡುಗಿಯರು ರಶ್‌ಗೆ ಹಾಕಿಕೊಂಡ ಬಟ್ಟೆಗಳನ್ನು ಟಿಕ್‌ಟಾಕ್‌ನಲ್ಲಿ ತೋರಿಸಿದ್ದರಲ್ಲ, ಅದನ್ನು ದೇಶವೆಲ್ಲ ನೋಡಿತು. ನಾನೂ ನೋಡಿದ್ದೆ. ಆಗ ಮಗಳು ಇನ್ನೂ ಚಿಕ್ಕವಳು. ಆ ಹೊಳೆಯುವ ಕೂದಲು, ಆ ನಗು ನೋಡಿ ನಮ್ಮ ಹುಡುಗಿಯೂ ಒಂದು ದಿನ ಅಲ್ಲಿ ನಿಲ್ಲಲಿ ಅನ್ನಿಸಿತ್ತು. ಎಂಟು ಡ್ರೆಸ್ ತಂದೆವು. ಯಾವ ದಿನಕ್ಕೆ ಯಾವುದು ಎಂದು ಹ್ಯಾಂಗರ್‌ಗೆ ಚೀಟಿ ಅಂಟಿಸಿದ್ದು ನಾನೇ. ಸೊರೊರಿಟಿಯಲ್ಲಿದ್ದ ಹಳಬರಿಂದ ಶಿಫಾರಸು ಪತ್ರ ಇದ್ದರೆ ಒಳ್ಳೆಯದು ಎಂದು ಯಾರೋ ಹೇಳಿದರು. ನಮಗೆ ಯಾರು ಗೊತ್ತು? ಕೊನೆಗೆ ನನ್ನ ಹಲ್ಲಿನ ಡಾಕ್ಟರ ಹತ್ತಿರ, ಕುರ್ಚಿಯಲ್ಲಿ ಮಲಗಿಕೊಂಡೇ, ನೀವು ಕಾಲೇಜಿನಲ್ಲಿ ಯಾವುದಾದರೂ ಸೊರೊರಿಟಿಯಲ್ಲಿ ಇದ್ದಿರಾ ಎಂದು ಕೇಳಿದೆ.

ರಶ್ ಹೇಗೆ ನಡೆಯುತ್ತದೆ ಗೊತ್ತಾ? ಮೊದಲ ದಿನ ಎಲ್ಲ ಹೌಸಿಗೂ ಹೋಗಬೇಕು. ಬಾಗಿಲು ತೆರೆದರೆ ಒಳಗೆ ಹುಡುಗಿಯರು ಒತ್ತೊತ್ತಾಗಿ ನಿಂತು ಚಪ್ಪಾಳೆ ತಟ್ಟಿ ಕೂಗಿ ಹಾಡುತ್ತಾರೆ. ಒಬ್ಬಳು ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಾಳೆ. ನಾಲ್ಕು ನಿಮಿಷ ಮಾತು. ಅಷ್ಟರಲ್ಲಿ ಇನ್ನೊಬ್ಬಳು ಬರುತ್ತಾಳೆ, ಮತ್ತೆ ನಾಲ್ಕು ನಿಮಿಷ. ಹುಡುಗರು, ಕುಡಿತ, ದೇವರು, ರಾಜಕೀಯ, ದುಡ್ಡು, ಈ ಐದು ವಿಷಯ ಎತ್ತಬಾರದು ಎಂದು ಮೊದಲೇ ಹೇಳಿಕೊಟ್ಟಿರುತ್ತಾರೆ. ಬಾಯಿಂದ ದುಡ್ಡಿನ ಮಾತು ಬರಬಾರದು ಸರಿ. ಆದರೆ ಕಾಲಿನ ಚಪ್ಪಲಿ ಎಲ್ಲಿಯದು, ಕಿವಿಯೋಲೆ ಎಷ್ಟರದು, ಬೇಸಿಗೆಗೆ ಎಲ್ಲಿಗೆ ಹೋಗಿದ್ದೆ ಅನ್ನುವುದರಲ್ಲೇ ಎಲ್ಲ ಗೊತ್ತಾಗುತ್ತಲ್ಲ. ದಿನದ ಕೊನೆಗೆ ಹುಡುಗಿ ತನಗೆ ಇಷ್ಟವಾದ ಹೌಸುಗಳನ್ನು ಸಾಲಾಗಿ ಬರೆದು ಕೊಡುತ್ತಾಳೆ, ಹೌಸಿನವರು ತಮಗೆ ಇಷ್ಟವಾದ ಹುಡುಗಿಯರನ್ನು ಬರೆದು ಕೊಡುತ್ತಾರೆ, ಕಂಪ್ಯೂಟರ್ ತಾಳೆ ಹಾಕುತ್ತದೆ. ಮಾರನೆಯ ಬೆಳಿಗ್ಗೆ ಯಾವ ಯಾವ ಹೌಸಿನವರು ಮತ್ತೆ ಬಾ ಎಂದಿದ್ದಾರೆ ಅನ್ನುವ ಪಟ್ಟಿ ಬರುತ್ತದೆ.

ಮಗಳ ಪಟ್ಟಿ ಮೊದಲು ಹದಿನಾರಿತ್ತು. ಆಮೇಲೆ ಒಂಬತ್ತು. ಆಮೇಲೆ ಮೂರು. ನಾಲ್ಕನೆಯ ಬೆಳಿಗ್ಗೆ ಪಟ್ಟಿ ಬರಲಿಲ್ಲ, ಉಸ್ತುವಾರಿ ಹುಡುಗಿಯ ಫೋನ್ ಬಂತು. ಮಗಳು ಆಗ ಕನ್ನಡಿಯ ಮುಂದೆ ಕೂದಲು ಸುರುಳಿ ಮಾಡಿಕೊಳ್ಳುತ್ತಿದ್ದಳಂತೆ. ಅರ್ಧ ತಲೆ ಸುರುಳಿ, ಅರ್ಧ ನೆಟ್ಟಗೆ. ಹಾಗೇ ಹಾಸಿಗೆ ಮೇಲೆ ಕೂತು ನನಗೆ ವಿಡಿಯೋ ಕಾಲ್ ಮಾಡಿದಳು. ರೂಮಿನ ಜೊತೆಗಾತಿ ಅವಸರದಲ್ಲಿ ಹೀಲ್ಸ್ ಹಾಕಿಕೊಂಡು ಹೊರಡುತ್ತಿದ್ದದ್ದು ಹಿಂದೆ ಕಾಣುತ್ತಿತ್ತು. ಉಳಿದ ಐದು ಡ್ರೆಸ್ ಇನ್ನೂ ಚೀಟಿಯ ಸಮೇತ ನೇತಾಡುತ್ತಿದ್ದವು.

ನನ್ನ ವಯಸ್ಸಿನ ಹೆಂಗಸರೇ, ಈ ಇಡೀ ಕಥೆ ನಮಗೆ ಮೊದಲೇ ಗೊತ್ತು ಅಲ್ವಾ? ತುಮಕೂರಿನ ನಮ್ಮ ಮನೆಯ ಹಾಲಿನಲ್ಲಿ ನಾನೂ ಮೈಸೂರು ಸಿಲ್ಕ್ ಸೀರೆ ಉಟ್ಟು ಕೂತಿದ್ದೇನೆ. ಕೇಸರಿಬಾತು, ಉಪ್ಪಿಟ್ಟು, ಕಾಫಿ. ‘ಹಾಡು ಬರುತ್ತಾ ಮಗು?’ ಹತ್ತು ನಿಮಿಷ ಮಾತು. ಬಂದವರು ಎದ್ದು ನಿಂತು, ‘ಊರಿಗೆ ಹೋಗಿ ಕಾಗದ ಬರೀತೀವಿ’ ಎಂದು ಹೇಳಿ ಹೋಗುತ್ತಿದ್ದರು. ಆಮೇಲೆ ಪೋಸ್ಟ್‌ಮ್ಯಾನ್ ದಾರಿ ಕಾಯುವುದು. ಕಾಗದ ಬರದಿದ್ದರೂ ಅದೂ ಒಂದು ಉತ್ತರವೇ. ಪಕ್ಕದ ಮನೆಯವರು ಕಾಂಪೌಂಡ್ ಗೋಡೆಯ ಆ ಕಡೆಯಿಂದ ಕೇಳುತ್ತಿದ್ದರು, ‘ಏನಾಯ್ತು, ಒಪ್ಪಿದರಾ?’ ನನ್ನ ಅಮ್ಮ ತಕ್ಷಣ ಹೇಳುತ್ತಿದ್ದಳು, ‘ಜಾತಕ ಕೂಡಿ ಬರಲಿಲ್ಲ ಕಣ್ರೀ.’

ಜಾತಕವನ್ನು ಯಾರೂ ನೋಡಿರಲಿಲ್ಲ. ನನ್ನ ಬಣ್ಣ ನೋಡಿದ್ದರು. ಅಮ್ಮ ನನ್ನನ್ನು ಕಾಪಾಡಲು ಆ ಸುಳ್ಳು ಹೇಳಿದಳು. ಊಟದ ಸಾಲಿನಲ್ಲಿ ನಾನು ಹೇಳಿದ ಸುಳ್ಳು ಮಾತ್ರ ಮಗಳಿಗಾಗಿ ಆಗಿರಲಿಲ್ಲ, ನನ್ನ ಮರ್ಯಾದೆಗಾಗಿ ಆಗಿತ್ತು. ಅವಳಿಗೆ ಅದು ತಿಳಿಯಿತು.

ಹೆಣ್ಣು ನೋಡುವ ಶಾಸ್ತ್ರದಿಂದ ನನ್ನ ಮಗಳು ಪಾರಾದಳು ಎಂದು ನಾನು ಎಷ್ಟೋ ಸಲ ಸಮಾಧಾನ ಪಟ್ಟಿದ್ದೆ. ಆ ಶಾಸ್ತ್ರಕ್ಕೇ ಹ್ಯಾಂಗರ್‌ಗೆ ಚೀಟಿ ಅಂಟಿಸಿ ಕಳಿಸಿಕೊಟ್ಟೆ. ಈ ಮಾತು ಬರೆಯುವಾಗ ನನಗೆ ನೋವಾಗುತ್ತದೆ.

ಈ ಸಂಘಗಳು ಹೀಗೇ ಯಾಕೆ ಆದವು ಎಂದು ತಿಳಿಯಲು ಆಮೇಲೆ ಸುಮಾರು ಓದಿದೆ. ಗ್ರೀಕ್ ಅಕ್ಷರದ ಮೊದಲ ಸಂಘ ಫೈ ಬೀಟಾ ಕಾಪಾ, 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ್ದು. ಆಗ ಅದು ಓದು, ಚರ್ಚೆಯ ಗುಟ್ಟಿನ ಕೂಟ. ಈಗ ಚೆನ್ನಾಗಿ ಓದುವವರಿಗೆ ಸಿಗುವ ಗೌರವ. ನಾವು ಇವತ್ತು ನೋಡುವಂಥ ಫ್ರಟರ್ನಿಟಿ ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ, 1825ರಿಂದ ಈಚೆಗೆ. ಹುಡುಗಿಯರಿಗೆ ಅದರೊಳಗೆ ಜಾಗವಿರಲಿಲ್ಲ. ಕಾಲೇಜಿನಲ್ಲೇ ಅವರನ್ನು ಒಂದು ಥರ ನೋಡುತ್ತಿದ್ದ ಕಾಲ. ಹಾಗಾಗಿ ಅವರು ತಮ್ಮದೇ ಸಂಘ ಕಟ್ಟಿಕೊಂಡರು. 1870ರಲ್ಲಿ ಇಂಡಿಯಾನಾದಲ್ಲಿ ಶುರುವಾದ ಕಾಪಾ ಆಲ್ಫಾ ಥೀಟಾ ಅಂಥ ಮೊದಲಿನವುಗಳಲ್ಲಿ ಒಂದು. ಹೊರಗೆ ನಿಲ್ಲಿಸಲ್ಪಟ್ಟವರು ಕಟ್ಟಿದ ಮನೆ ಅದು. ಆಮೇಲೆ ಆ ಮನೆಯ ಬಾಗಿಲಲ್ಲೂ ಕಾವಲು ಬಂತು.

ಆ ಕಾವಲು ಯಾರನ್ನು ತಡೆಯುತ್ತಿತ್ತು ಎನ್ನುವುದು ಗುಟ್ಟೇನಲ್ಲ. ಎಷ್ಟೋ ಸಂಘಗಳ ನಿಯಮದ ಪುಸ್ತಕದಲ್ಲೇ ಬಿಳಿಯ ಕ್ರೈಸ್ತರಿಗೆ ಮಾತ್ರ ಎಂದು ಬರೆದಿತ್ತು. ಯಹೂದಿಗಳಿಗಿಲ್ಲ, ಕಪ್ಪು ಜನರಿಗಿಲ್ಲ, ನಮ್ಮಂಥವರ ಪ್ರಶ್ನೆಯೇ ಇಲ್ಲ. 1948ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನ ಒಂದು ಫ್ರಟರ್ನಿಟಿ ಕಪ್ಪು ಹುಡುಗನೊಬ್ಬನನ್ನು ಸೇರಿಸಿಕೊಂಡಿತು. ಆ ಫ್ರಟರ್ನಿಟಿಯ ದೇಶಮಟ್ಟದ ಸಂಸ್ಥೆಯವರು ಆ ಕಾಲೇಜಿನ ಶಾಖೆಯನ್ನೇ ಹೊರಗೆ ಹಾಕಿದರು. ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಕಾಲೇಜಿನ ಹುಡುಗಿಯರು ಅದಕ್ಕೂ ಮೊದಲೇ ದೊಡ್ಡ ಮನಸ್ಸು ತೋರಿಸಿದ್ದರು. ಯಹೂದಿ ಹುಡುಗಿಯರನ್ನು ಸೇರಿಸಿಕೊಳ್ಳದ ಸೊರೊರಿಟಿಗಳೇ ನಮಗೆ ಬೇಡ ಎಂದು 1933ರಲ್ಲಿ ಅವನ್ನೆಲ್ಲ ಮುಚ್ಚಿಸಿದರು.

ಇದೆಲ್ಲ ಹಳೆಯ ಕಥೆ ಅನ್ನುತ್ತೀರಾ? 1963ರ ಜೂನ್‌ನಲ್ಲಿ ಗವರ್ನರ್ ಜಾರ್ಜ್ ವ್ಯಾಲೇಸ್ ಅಲಬಾಮಾ ಯೂನಿವರ್ಸಿಟಿಯ ಬಾಗಿಲಿಗೆ ಅಡ್ಡ ನಿಂತು ಇಬ್ಬರು ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ನೋಡಿದ್ದು ನಮ್ಮ ಮಕ್ಕಳು ಶಾಲೆಯಲ್ಲಿ ಓದುವ ಪಾಠ. ಸರಿಯಾಗಿ 50 ವರ್ಷದ ಮೇಲೆ, 2013ರ ಸೆಪ್ಟೆಂಬರ್‌ನಲ್ಲಿ, ಅದೇ ಯೂನಿವರ್ಸಿಟಿಯ ವಿದ್ಯಾರ್ಥಿಗಳ ಪತ್ರಿಕೆ ‘ಕ್ರಿಮ್ಸನ್ ವೈಟ್’ ಒಂದು ವರದಿ ಹಾಕಿತು. ತುಂಬಾ ಒಳ್ಳೆಯ ಅಂಕ ಪಡೆದ, ಒಳ್ಳೆಯ ಮನೆತನದ ಕಪ್ಪು ಹುಡುಗಿಯೊಬ್ಬಳನ್ನು ಬಿಳಿಯ ಸೊರೊರಿಟಿಗಳು ಯಾವುವೂ ಸೇರಿಸಿಕೊಂಡಿರಲಿಲ್ಲ. ಒಳಗಿದ್ದ ಹುಡುಗಿಯರಲ್ಲಿ ಕೆಲವರಿಗೆ ಅವಳು ಬೇಕಿತ್ತು. ಅಡ್ಡ ಬಂದವರು ಹಳೆಯ ಸದಸ್ಯೆಯರು ಎಂದು ಆ ಹುಡುಗಿಯರೇ ಮುಂದೆ ಬಂದು ಹೇಳಿದರು. ವಿದ್ಯಾರ್ಥಿಗಳು ಬೀದಿಗಿಳಿದು ಮೆರವಣಿಗೆ ಮಾಡಿದ ಮೇಲೆ, ಯೂನಿವರ್ಸಿಟಿ ಮಧ್ಯೆ ಬಂದ ಮೇಲೆ, ಕೆಲವು ಕಪ್ಪು ಹುಡುಗಿಯರಿಗೆ ಬಾಗಿಲು ತೆರೆಯಿತು. 20 ವರ್ಷದ ಹುಡುಗಿಯರು ಸರಿ ಎಂದದ್ದನ್ನು ಅವರ ಅಮ್ಮಂದಿರ ವಯಸ್ಸಿನವರು ತಡೆದಿದ್ದರು. ನನ್ನ ಮನಸ್ಸಿಗೆ ಜಾಸ್ತಿ ನಾಟಿದ್ದು ಈ ಮಾತು. ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಎಷ್ಟೋ ವಿಷಯ ತಾನಾಗಿ ಸರಿಹೋಗುತ್ತದೆ. ನಾವು ಬಿಡುವುದಿಲ್ಲ.

ಈಗ ನಿಯಮದಲ್ಲಿ ಬಣ್ಣ, ಧರ್ಮದ ಮಾತಿಲ್ಲ. ಆದರೂ ಹೌಸ್ ಹೌಸಿಗೆ ಅಂತಸ್ತು ಇದೆ. ಮೇಲಿನದು, ನಡುವಿನದು, ಕೆಳಗಿನದು ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಆ ಅಂತಸ್ತನ್ನು ಯಾರು ಕೊಟ್ಟರು ಎಂದು ಮಗಳನ್ನು ಕೇಳಿದೆ. ಯಾವ ಫ್ರಟರ್ನಿಟಿಯ ಹುಡುಗರು ಯಾವ ಸೊರೊರಿಟಿಯನ್ನು ಪಾರ್ಟಿಗೆ ಕರೆಯುತ್ತಾರೆ ಎನ್ನುವುದರ ಮೇಲೆ ಅಂದಳು. ಇನ್ನೊಂದು ವಿಷಯವೂ ಆಗ ಗೊತ್ತಾಯಿತು. ದೊಡ್ಡ ಸೊರೊರಿಟಿಗಳ ಮನೆಯಲ್ಲಿ ಮದ್ಯ ತರುವ ಹಾಗಿಲ್ಲ. ಕೇಳಲು ಒಳ್ಳೆಯ ನಿಯಮ. ನಡೆಯುವುದೇನು? ಪಾರ್ಟಿ ಎಲ್ಲ ಹುಡುಗರ ಮನೆಯಲ್ಲಿ. ಬಾಗಿಲಲ್ಲಿ ನಿಂತು ಯಾರನ್ನು ಬಿಡಬೇಕು ಎನ್ನುವವರು ಅವರು. ಲೋಟಕ್ಕೆ ಏನು ಹಾಕಬೇಕು ಎನ್ನುವವರೂ ಅವರು. ಹೆಣ್ಣುಮಕ್ಕಳ ಅಪ್ಪ ಅಮ್ಮ ಹೌಸಿನ ಕಂಬ ನೋಡಿ ಖುಷಿಪಡುವ ಮೊದಲು ಇದನ್ನು ಒಂದು ಸಲ ಯೋಚಿಸಿ.

ಅಪ್ಪಂದಿರ ಮಾತಿಗೆ ಬರುತ್ತೇನೆ. ‘ನೆಟ್‌ವರ್ಕಿಂಗ್ ಕಣ್ರೀ, ಮುಂದೆ ಕೆಲಸಕ್ಕೆ ಅನುಕೂಲ.’ ನಮ್ಮ ಮನೆಯಲ್ಲೂ ಇದೇ ಮಾತಿತ್ತು. ಅದು ಸುಳ್ಳಲ್ಲ. ಎಷ್ಟೋ ಕಂಪನಿಗಳಲ್ಲಿ, ಸಂಸತ್ತಿನಲ್ಲಿ ಈ ಅಕ್ಷರಗಳ ಜನ ಇದ್ದಾರೆ. ಜೆರಾಲ್ಡ್ ಫೋರ್ಡ್, ಜಾರ್ಜ್ ಬುಷ್ ಥರದ ಅಧ್ಯಕ್ಷರೂ ಫ್ರಟರ್ನಿಟಿಯವರೇ. ಯೂನಿಯನ್ ಕಾಲೇಜಿನ ಮೂವರು ಅರ್ಥಶಾಸ್ತ್ರಜ್ಞರು ಈಶಾನ್ಯ ಭಾಗದ ಒಂದು ಕಾಲೇಜಿನ ಹಳೆಯ ವಿದ್ಯಾರ್ಥಿಗಳನ್ನು ಕೇಳಿ ಲೆಕ್ಕ ಹಾಕಿದರು. ಫ್ರಟರ್ನಿಟಿ ಸೇರಿದ ಹುಡುಗರ ಜಿಪಿಎ, ಅಂದರೆ ಸರಾಸರಿ ಅಂಕ, ಸುಮಾರು 0.25ರಷ್ಟು ಇಳಿದಿತ್ತು. ಮುಂದೆ ಅವರ ಸಂಬಳ ಮಾತ್ರ ಸುಮಾರು 36 ಶೇಕಡಾ ಜಾಸ್ತಿಯಾಗಿತ್ತು. ಒಂದೇ ಕಾಲೇಜಿನ ಲೆಕ್ಕ, ಎಲ್ಲ ಕಡೆಗೂ ಹೀಗೇ ಅನ್ನಲಾಗದು. ಆದರೂ ಆ ಎರಡು ಅಂಕಿಯನ್ನು ಪಕ್ಕ ಪಕ್ಕ ಇಟ್ಟು ನೋಡಿ. ಓದು ಕಡಿಮೆ, ಸಂಬಳ ಜಾಸ್ತಿ. ಇದಕ್ಕೆ ನಮ್ಮೂರಿನಲ್ಲಿ ಒಂದು ಹೆಸರಿದೆ. ವಶೀಲಿ. ವಶೀಲಿ ಇಲ್ಲದ್ದಕ್ಕೇ ನನ್ನ ಅಣ್ಣನಿಗೆ ಒಂದು ಕೆಲಸ ತಪ್ಪಿತು. ವಶೀಲಿ ಇಲ್ಲದೆಯೂ ಬದುಕಬಹುದು ಎಂದುಕೊಂಡೇ ನಾವು ಎರಡು ಸೂಟ್‌ಕೇಸ್ ಹಿಡಿದು ಈ ದೇಶಕ್ಕೆ ಬಂದೆವು. ಈಗ ಮಕ್ಕಳಿಗೆ ಅದನ್ನೇ ಕೊಡಿಸಲು ವರ್ಷಕ್ಕೆ ಸಾವಿರಾರು ಡಾಲರ್ ಕಟ್ಟುತ್ತಿದ್ದೇವೆ. ಪಕ್ಕದ ಬೆಂಚಿನಲ್ಲಿ ಕೂತ, ಯಾರ ಗುರುತೂ ಇಲ್ಲದ ಹುಡುಗನ ಸ್ಥಿತಿ ಏನು? ಅವನು 30 ವರ್ಷದ ಹಿಂದಿನ ನಾವೇ ಅಲ್ವಾ?

ಗಂಡುಮಕ್ಕಳ ವಿಷಯ ಇನ್ನೂ ಭಯದ್ದು. ನಮ್ಮಲ್ಲಿ ರ‍್ಯಾಗಿಂಗ್ ಎನ್ನುತ್ತಿದ್ದೆವಲ್ಲ, ಇಲ್ಲಿ ಅದು ಹೇಜಿಂಗ್. ಆದರೆ ಎರಡೂ ಒಂದೇ ಅಲ್ಲ. ನಮ್ಮ ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಹೊಸ ಹುಡುಗರು ಸೀನಿಯರ್‌ಗಳಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದರು. ಇಲ್ಲಿ ಹುಡುಗರು ತಾವಾಗಿ ಹೋಗಿ ನಿಲ್ಲುತ್ತಾರೆ. ಕೊನೆಗೆ ಸಿಗುವ ಆ ಎರಡು ಅಕ್ಷರದ ಆಸೆ. ಆಸೆ ಎಷ್ಟು ದೊಡ್ಡದೋ ಸಹಿಸುವುದೂ ಅಷ್ಟೇ ದೊಡ್ಡದು. ‘ಬೇಡ ಅಂದರೆ ಎದ್ದು ಬಾ’ ಎಂದು ನಾವು ಫೋನಿನಲ್ಲಿ ಸುಲಭವಾಗಿ ಹೇಳುತ್ತೇವೆ. ಎದ್ದು ಬಂದರೆ ಆರು ವಾರದ ಕಷ್ಟವೆಲ್ಲ ನೀರಿಗೆ ಹೋಯಿತು ಎನ್ನುವ ಲೆಕ್ಕ ಅವರ ತಲೆಯಲ್ಲಿ ಓಡುತ್ತಿರುತ್ತದೆ.

2017ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ಯೂನಿವರ್ಸಿಟಿಯ ಒಂದು ಫ್ರಟರ್ನಿಟಿಯಲ್ಲಿ 19 ವರ್ಷದ ಹುಡುಗನೊಬ್ಬನಿಗೆ ಒಂದೂವರೆ ಗಂಟೆಯೊಳಗೆ 18 ಸಲ ಕುಡಿಸಿದರು. ಅವನು ಮೆಟ್ಟಿಲ ಮೇಲಿಂದ ಬಿದ್ದ. ಜೊತೆಯವರು ಆಂಬುಲೆನ್ಸ್‌ಗೆ ಫೋನ್ ಮಾಡಿದ್ದು ಸುಮಾರು 12 ಗಂಟೆ ಕಳೆದ ಮೇಲೆ. ಅದೇ ವರ್ಷ ಲೂಸಿಯಾನಾದಲ್ಲಿ ಇನ್ನೊಬ್ಬ ಹುಡುಗ ಹೀಗೇ ಹೋದ. ಎರಡೂ ರಾಜ್ಯಗಳಲ್ಲಿ 2018ರಲ್ಲಿ ಆ ಮಕ್ಕಳ ಹೆಸರಿನಲ್ಲೇ ಕಾಯ್ದೆ ಬಂತು. ಈ ಸಾವುಗಳ ಲೆಕ್ಕ ಇಡುವುದರಲ್ಲೇ ಜೀವನ ಕಳೆದ ಪತ್ರಕರ್ತ ಹ್ಯಾಂಕ್ ನ್ಯೂವರ್ ಹೇಳುವ ಪ್ರಕಾರ, 1959ರಿಂದ 2021ರವರೆಗೆ ಹೇಜಿಂಗ್‌ನಿಂದ ಒಬ್ಬರಾದರೂ ಸಾಯದ ವರ್ಷವಿಲ್ಲ.

‘ಅವರದು ಬೇಡ, ನಮ್ಮವರದ್ದೇ ಇದೆಯಲ್ಲ, ಅದಕ್ಕೆ ಸೇರಲಿ’ ಎಂದು ಕೆಲವರು ಹೇಳುತ್ತಾರೆ. ಇದೆ, ನಿಜ. ಭಾರತ ಮತ್ತು ಸುತ್ತಲಿನ ದೇಶಗಳ ಮೂಲದ ಹುಡುಗರು 1994ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಅಯೋಟಾ ನ್ಯೂ ಡೆಲ್ಟಾ ಕಟ್ಟಿದರು. 1998ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಹುಡುಗಿಯರ ಕಾಪಾ ಫೈ ಗಾಮಾ ಶುರುವಾಯಿತು. ಅಲ್ಲಿ ಮಕ್ಕಳಿಗೆ ದೀಪಾವಳಿ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಆ ಸುಖ ದೊಡ್ಡದು. ಆದರೆ ನಮ್ಮವರು ಎಂದ ಮಾತ್ರಕ್ಕೆ ಕಣ್ಣು ಮುಚ್ಚಬೇಡಿ. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬರೂಕ್ ಕಾಲೇಜಿನ ಚೀನಾ ಮೂಲದ ಹುಡುಗನೊಬ್ಬ ಸತ್ತದ್ದು ಪೈ ಡೆಲ್ಟಾ ಸೈ ಎನ್ನುವ ಏಷ್ಯಾ ಮೂಲದವರ ಫ್ರಟರ್ನಿಟಿಯಲ್ಲಿ. ಪೆನ್ಸಿಲ್ವೇನಿಯಾದ ಬೆಟ್ಟದ ಮೇಲೆ ಬಾಡಿಗೆ ಮನೆ. ಚಳಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನಿಗೆ ಮರಳು ತುಂಬಿದ ಚೀಲ ಹಾಕಿ ನಡೆಸಿದರು. ಸುತ್ತ ನಿಂತವರು ಮೇಲೆ ಬಿದ್ದು ಬೀಳಿಸುತ್ತಿದ್ದರು. ಏಷ್ಯಾದಿಂದ ಬಂದವರು ಈ ದೇಶದಲ್ಲಿ ಪಟ್ಟ ಕಷ್ಟವನ್ನು ಹೊಸಬರಿಗೆ ತಿಳಿಸಿಕೊಡುವ ಶಾಸ್ತ್ರವಂತೆ ಅದು. ಅವನು ಏಳದಿದ್ದಾಗಲೂ ಆಸ್ಪತ್ರೆಗೆ ಕರೆದುಕೊಂಡು ಹೋಗಲು ತಡಮಾಡಿದರು. 2018ರಲ್ಲಿ ಕೋರ್ಟು ಆ ಸಂಸ್ಥೆಯನ್ನೇ 10 ವರ್ಷ ಪೆನ್ಸಿಲ್ವೇನಿಯಾದಿಂದ ಹೊರಗೆ ಹಾಕಿತು. ಅಪ್ಪ ಅಮ್ಮ ಪಟ್ಟ ಕಷ್ಟದ ಹೆಸರಿನಲ್ಲಿ ಅವರ ಮಗನನ್ನೇ ಬೀಳಿಸಿದರಲ್ಲ, ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಂತ ಎಲ್ಲವನ್ನೂ ಒಂದೇ ಸಾಲಿಗೆ ತಳ್ಳಲಾರೆ. ನನ್ನ ಆಫೀಸಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರಿದ್ದಾರೆ, ಕಪ್ಪು ಹೆಂಗಸು. ಪ್ರತಿ ವರ್ಷ ಜನವರಿ 15ರಂದು ಗುಲಾಬಿ ಮತ್ತು ಹಸಿರು ಬಟ್ಟೆ ಹಾಕಿ, ಕೊರಳಿಗೆ ಮುತ್ತಿನ ಸರ ಹಾಕಿ ಬರುತ್ತಾರೆ. 1908ರಲ್ಲಿ ವಾಷಿಂಗ್ಟನ್‌ನ ಹೋವರ್ಡ್ ಯೂನಿವರ್ಸಿಟಿಯಲ್ಲಿ ಆಲ್ಫಾ ಕಾಪಾ ಆಲ್ಫಾ ಹುಟ್ಟಿದ ದಿನ ಅದು. ಕಮಲಾ ಹ್ಯಾರಿಸ್ ಕೂಡ ಅದೇ ಸೊರೊರಿಟಿ. ನಾನು ಎಷ್ಟೋ ವರ್ಷ ಅದನ್ನು ಸುಮ್ನೆ ಬಟ್ಟೆಯ ಶೋಕಿ ಅಂದುಕೊಂಡಿದ್ದೆ. ಮಗಳ ವಿಷಯ ಹೇಳಿಕೊಂಡು ಅತ್ತ ದಿನ ಅವರು ಬಾಗಿಲು ಮುಚ್ಚಿ ಕೂರಿಸಿಕೊಂಡು ಮಾತಾಡಿದರು. 1906ರಲ್ಲಿ ಕಾರ್ನೆಲ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಏಳು ಕಪ್ಪು ಹುಡುಗರು ಒಬ್ಬರಿಗೊಬ್ಬರು ಆಸರೆಯಾಗಲು ಆಲ್ಫಾ ಫೈ ಆಲ್ಫಾ ಕಟ್ಟಿದ್ದು, ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಅದರ ಸದಸ್ಯರಾದದ್ದು, 1913ರಲ್ಲಿ ಡೆಲ್ಟಾ ಸಿಗ್ಮಾ ಥೀಟಾದ ಹುಡುಗಿಯರು ಸೊರೊರಿಟಿ ಶುರುವಾದ ಎರಡೇ ತಿಂಗಳಲ್ಲಿ ಹೆಂಗಸರ ಮತದ ಹಕ್ಕಿಗಾಗಿ ವಾಷಿಂಗ್ಟನ್‌ನ ಮೆರವಣಿಗೆಯಲ್ಲಿ ನಡೆದದ್ದು, ಎಲ್ಲ ಹೇಳಿದರು. ಇವತ್ತಿಗೂ ಅವರ ಕೂಟ ನಡೆಯುತ್ತದೆ, ಹೈಸ್ಕೂಲಿನ ಹುಡುಗಿಯರಿಗೆ ಸ್ಕಾಲರ್‌ಶಿಪ್ ಕೊಡುತ್ತಾರೆ. ಅವರ ಅಮ್ಮನ ಸಾವಿನ ಮನೆಗೆ ಬಂದು ಅಡುಗೆಮನೆ ನೋಡಿಕೊಂಡವರು ಆ ಸೋದರಿಯರೇ. ಹೇಜಿಂಗ್‌ನ ಕಳಂಕ ತಮ್ಮ ಕಡೆಯ ಸಂಘಗಳಿಗೂ ಇದೆ ಎಂದು ಅವರೇ ಬಾಯಿಬಿಟ್ಟು ಹೇಳಿದರು. ಆಮೇಲೆ ಅಂದರು, ‘ನಿನ್ನ ಮಗಳಿಗೆ ಬೇಕಾಗಿರುವುದು ಹೌಸ್ ಅಲ್ಲ, ಜನ.’

ಅದು ನಿಜ. 30,000 ಜನ ಓದುವ ಕ್ಯಾಂಪಸ್ಸಿನಲ್ಲಿ 18 ವರ್ಷದ ಮಗು ಒಂಟಿಯಾಗಿ ಊಟದ ತಟ್ಟೆ ಹಿಡಿದು ಎಲ್ಲಿ ಕೂರಲಿ ಎಂದು ನೋಡುತ್ತಾ ನಿಲ್ಲುತ್ತದಲ್ಲ, ಆ ನಿಮಿಷದ ಭಯ ಸಣ್ಣದಲ್ಲ. ಅದಕ್ಕೇ ಮಕ್ಕಳು ಸೇರುತ್ತಾರೆ. ನಮ್ಮ ಕೂಟದಲ್ಲೇ ಹೌಸ್ ಸೇರಿ ಚೆನ್ನಾಗಿರುವ ಹುಡುಗಿಯರಿದ್ದಾರೆ. ಅವರ ಬಗ್ಗೆ ‘ಬರೀ ಪಾರ್ಟಿ ಹುಡುಗಿ’ ಎಂದು ಹಿಂದೆ ಮಾತಾಡುವುದೂ ಅಷ್ಟೇ ಕೆಟ್ಟದ್ದು. ಒಂದೇ ಬಾಯಿಯಲ್ಲಿ ಒಬ್ಬಳಿಗೆ ಸಿಗಲಿಲ್ಲ ಎಂದು ಪಾಪ ಅನ್ನುತ್ತೇವೆ, ಸಿಕ್ಕವಳನ್ನು ಅನುಮಾನದಿಂದ ನೋಡುತ್ತೇವೆ.

ಈ ಸಂಘಗಳೇ ಬೇಡ ಎಂದು ತೆಗೆದುಹಾಕಿದ ಕಾಲೇಜುಗಳೂ ಇವೆ. ವಿಲಿಯಮ್ಸ್ ಕಾಲೇಜು 1962ರಲ್ಲಿ ಆ ದಾರಿ ಹಿಡಿಯಿತು, ಕೋಲ್ಬಿ 1984ರಲ್ಲಿ, ಬೌಡನ್ 1997ರಲ್ಲಿ. ಅವುಗಳ ಹೆಸರಿಗೇನೂ ಕುಂದು ಬರಲಿಲ್ಲ, ಇವತ್ತಿಗೂ ಅಲ್ಲಿ ಸೀಟು ಸಿಗುವುದು ಕಷ್ಟ. ದಕ್ಷಿಣದ ದೊಡ್ಡ ಯೂನಿವರ್ಸಿಟಿಗಳಲ್ಲಿ ಅದು ಸದ್ಯಕ್ಕೆ ಆಗುವ ಮಾತಲ್ಲ. ದಾನ ಕೊಡುವ ಹಳೆಯ ವಿದ್ಯಾರ್ಥಿಗಳಲ್ಲಿ ಈ ಅಕ್ಷರದವರೇ ಬಹಳ. ಹಾಗಾಗಿ ನಾನು ಆ ಕಡೆಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ. ನಮ್ಮ ಕೈಲಾಗುವುದು ಸ್ವಲ್ಪ ಇದೆ.

2024ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಬೈಡನ್ ಒಂದು ಕಾಯ್ದೆಗೆ ಸಹಿ ಹಾಕಿದರು, ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆ್ಯಕ್ಟ್ ಎಂದು ಅದರ ಹೆಸರು. ಯಾವ ಸಂಘ ಹೇಜಿಂಗ್ ಮಾಡಿ ಸಿಕ್ಕಿಬಿತ್ತು, ಏನು ಮಾಡಿತ್ತು, ಕಾಲೇಜು ಏನು ಕ್ರಮ ತೆಗೆದುಕೊಂಡಿತು ಎನ್ನುವುದನ್ನು ಇನ್ನು ಮೇಲೆ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ಎಷ್ಟು ಜನರಿಗೆ ಗೊತ್ತು ಇದು? ಕಾರು ಕೊಳ್ಳುವಾಗ ನಾವು ಅದರ ಅಪಘಾತದ ಇತಿಹಾಸ ತೆಗೆಸಿ ನೋಡುತ್ತೇವೆ. ಮಗನ ಫ್ರಟರ್ನಿಟಿಗೆ ದುಡ್ಡು ಕಟ್ಟುವ ಮೊದಲು ಆ ಪುಟವನ್ನು ಅವನ ಜೊತೆ ಕೂತು ಓದಿ. ಕುಡಿದು ಬಿದ್ದ ಗೆಳೆಯನಿಗಾಗಿ 911ಕ್ಕೆ ಫೋನ್ ಮಾಡಿದರೆ ತನ್ನ ಮೇಲೂ ಕೇಸಾಗುತ್ತದೆ ಎಂದು ಮಕ್ಕಳು ಹೆದರುತ್ತಾರೆ. ಹಾಗೆ ಫೋನ್ ಮಾಡಿದವರನ್ನು ಕಾಪಾಡುವ ಕಾಯ್ದೆ ಎಷ್ಟೋ ರಾಜ್ಯಗಳಲ್ಲಿದೆ. ನಿಮ್ಮ ಮಗ ಓದುವ ರಾಜ್ಯದ ಕಾಯ್ದೆ ಏನು ಹೇಳುತ್ತದೆ ಎಂದು ಅವನು ಹೊರಡುವ ಮೊದಲೇ ಅವನಿಗೆ ಗೊತ್ತಿರಲಿ. ‘ಎಷ್ಟು ಹೊತ್ತಿಗೆ ಬೇಕಾದರೂ ಫೋನ್ ಮಾಡು, ಬೈಯುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಿ. ಹೇಳದೆ ಅರ್ಥವಾಗುತ್ತದೆ ಎಂದುಕೊಳ್ಳಬೇಡಿ.

ಇನ್ನೊಂದು ಕೇಳಿಕೆ. ರಶ್‌ಗೆ ಹೋಗುವ ಹುಡುಗಿಗೆ ಹೋಗುವ ಮೊದಲೇ ಅಪ್ಪ ಅಮ್ಮ ಇಬ್ಬರೂ ಕೂತು ಹೇಳಿ, ಸಿಗದಿದ್ದರೆ ನಮ್ಮ ಮನೆಯಲ್ಲಿ ಯಾವುದೂ ಬದಲಾಗುವುದಿಲ್ಲ ಎಂದು. ನಾನು ಇದನ್ನು ಹೇಳಿರಲಿಲ್ಲ. ಹೇಳಬೇಕು ಅಂತಲೂ ಹೊಳೆದಿರಲಿಲ್ಲ. ಯಾರಿಗೆ ಯಾವ ಹೌಸ್ ಎಂದು ತಿಳಿಯುವ ಬಿಡ್ ಡೇ ದಿನ ಹೊಸ ಹುಡುಗಿಯರೆಲ್ಲ ಕಿರುಚುತ್ತಾ ತಮ್ಮ ತಮ್ಮ ಹೌಸಿಗೆ ಓಡುವ ವಿಡಿಯೋ ಎಲ್ಲರ ಫೋನಿನಲ್ಲೂ ಬರುತ್ತದೆ. ಆ ದಿನ ಮಗಳ ಕೈಲಿ ಫೋನ್ ಇರದಂತೆ ಯಾರಾದರೂ ಅವಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕಿತ್ತು. ನಾಲ್ಕು ಗಂಟೆಯ ದಾರಿ. ನಾನು ಹೋಗಬಹುದಿತ್ತು, ಹೋಗಲಿಲ್ಲ. ಹೌಸುಗಳ ಆ ಬೀದಿ ಬೇಡವೆಂದು ಎಷ್ಟೋ ತಿಂಗಳು ಅವಳು ಲೈಬ್ರರಿಗೆ ಹತ್ತು ನಿಮಿಷ ಸುತ್ತು ಹಾಕಿ ಹೋಗುತ್ತಿದ್ದಳು ಎಂದು ನನಗೆ ಗೊತ್ತಾದದ್ದು ಮಾರ್ಚ್‌ನಲ್ಲಿ, ಅವಳು ಮತ್ತೆ ನೇರ ದಾರಿಯಲ್ಲಿ ಹೋಗಲು ಶುರು ಮಾಡಿದ ಮೇಲೆ.

ಕಾರಿನಲ್ಲಿ ಅವಳು ಕೇಳಿದ ಪ್ರಶ್ನೆಗೆ ಆ ದಿನ ‘ಛೇ, ಹಾಗೆಲ್ಲ ಇಲ್ಲ’ ಎಂದಿದ್ದೆ. ಅದೂ ಸುಳ್ಳು. ಅವಮಾನ ಆಗಿತ್ತು. ಹೋದ ವಾರ ಅವಳಿಗೆ ನಿಜ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಈ ಪತ್ರವನ್ನು ಅವಳಿಗೆ ಓದಿ ಹೇಳಿ, ಅವಳು ಹೂಂ ಅಂದ ಮೇಲೆಯೇ ನಿಮಗೆ ಕಳಿಸುತ್ತಿದ್ದೇನೆ.

ಈ ಸಲವೂ ಗಣೇಶನ ಹಬ್ಬಕ್ಕೆ ಅವಳು ಬರುತ್ತಾಳೆ. ಯಾವ ಹೌಸ್ ಸಿಕ್ತು ಎಂದು ದಯವಿಟ್ಟು ಮಕ್ಕಳನ್ನು ಕೇಳಬೇಡಿ. ಓದು ಹೇಗಿದೆ, ಯಾರ ಜೊತೆ ಊಟ ಮಾಡ್ತೀಯ, ಹಾಸ್ಟೆಲಲ್ಲಿ ಅನ್ನ ಸಾರು ಮಾಡ್ಕೊಳ್ಳೋಕೆ ಆಗುತ್ತಾ ಎಂದು ಕೇಳಿ. ಹೌಸಿನ ವಿಷಯ ಕೇಳಲೇಬೇಕು ಅನ್ನಿಸಿದರೆ ನನ್ನನ್ನು ಕೇಳಿ. ಸಾಲಿನಲ್ಲಿ ಅವಳ ಪಕ್ಕದಲ್ಲೇ ನಿಂತಿರುತ್ತೇನೆ. ಯಾವುದೂ ಸಿಗಲಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ.

ಇತಿ,
ನಿಮ್ಮ ಕೂಟದ ಒಬ್ಬ ಅಮ್ಮ